ಚುಕ್ಕಿ, ಗೆರೆ, ಗಟ್ಟಿ ವಸ್ತು: ಕಂಪ್ಯೂಟರ್ ವಿನ್ಯಾಸ ಕಲಿಯುವ ಮುನ್ನ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಹೊರಬಿದ್ದ ವಾರದಲ್ಲಿ ಯಾವುದೇ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಬಳಿ ಒಂದು ಗಳಿಗೆ ನಿಂತರೆ ಸಾಕು. ಗೋಡೆಯ ಮೇಲೆ, ವಿದ್ಯುತ್ ಕಂಬದ ಮೇಲೆ, ಆಟೋರಿಕ್ಷಾದ ಬೆನ್ನ ಮೇಲೆ ಕ್ಯಾಡ್ ತರಬೇತಿಯ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಮೂರೇ ತಿಂಗಳು, ಹತ್ತು ತಂತ್ರಾಂಶ, ಕೈಗೊಂದು ಪ್ರಮಾಣಪತ್ರ! ಫೋಟೋಶಾಪ್, ಕೋರೆಲ್‌ಡ್ರಾ, ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ಬ್ಲೆಂಡರ್ ಎಂದು ಹೆಸರುಗಳ ಮೆರವಣಿಗೆ. ಇವುಗಳಲ್ಲಿ ಯಾವುದು ಯಾವ ಕೆಲಸಕ್ಕೆ ಎಂಬುದು ಫೀಸು ಕಟ್ಟುವ ತಂದೆಗೂ ತಿಳಿದಿರುವುದಿಲ್ಲ, ಕಲಿಯಲು ಹೊರಟ ಮಗಳಿಗೂ ತಿಳಿದಿರುವುದಿಲ್ಲ. ಮೂರು ತಿಂಗಳು ಕಳೆದ ಮೇಲೆ ಯಾವ ಗುಂಡಿ ಪರದೆಯ ಯಾವ ಮೂಲೆಯಲ್ಲಿದೆ ಎಂಬುದು ಬಾಯಿಪಾಠವಾಗಿರುತ್ತದೆ. ಆದರೆ ಕೈಯಲ್ಲಿ ಒಂದು ನಟ್ಟು-ಬೋಲ್ಟು ಕೊಟ್ಟು, ಇದರ ನಕ್ಷೆ ಬರೆ ಎಂದರೆ ತಬ್ಬಿಬ್ಬು. ಮುಂದಿನ ವರ್ಷ ತಂತ್ರಾಂಶದ ಹೊಸ ಆವೃತ್ತಿ ಬಂದು ಗುಂಡಿಗಳ ಜಾಗ ಬದಲಾದರಂತೂ ಕಟ್ಟಿದ ಹಣವೂ ಕಳೆದ ಸಮಯವೂ ನೀರಿನಲ್ಲಿ ಹೋಮ.

ಕ್ಯಾಡ್ ಎಂದರೆ ಕಂಪ್ಯೂಟರಿನ ನೆರವಿನಿಂದ ಮಾಡುವ ವಿನ್ಯಾಸ. ಮನೆಯ ನಕ್ಷೆಯಿಂದ ಹಿಡಿದು ವಿಮಾನದ ರೆಕ್ಕೆಯವರೆಗೆ, ಮದುವೆಯ ಕರೆಯೋಲೆಯಿಂದ ಹಿಡಿದು ಪ್ಲಾಸ್ಟಿಕ್ ಬಕೆಟ್ಟಿನ ಅಚ್ಚಿನವರೆಗೆ ಇಂದು ಎಲ್ಲವೂ ಮೊದಲು ರೂಪುಗೊಳ್ಳುವುದು ಕಂಪ್ಯೂಟರಿನ ಪರದೆಯ ಮೇಲೆಯೇ. ತಂತ್ರಾಂಶಗಳ ಹೆಸರು ನೂರಿರಬಹುದು, ಜಾತಿ ಮಾತ್ರ ಮೂರೇ: ರಾಸ್ಟರ್, ವೆಕ್ಟರ್ ಮತ್ತು ಮಾಡೆಲಿಂಗ್. ಇವುಗಳ ವ್ಯತ್ಯಾಸ ಅರಿಯಲು ಒಂದೇ ಒಂದು ಪ್ರಶ್ನೆ ಕೇಳಿದರೆ ಸಾಕು. ಪರದೆಯ ಮೇಲೆ ಒಂದು ವೃತ್ತ ಬರೆದಾಗ ಕಂಪ್ಯೂಟರ್ ನೆನಪಿಟ್ಟುಕೊಳ್ಳುವುದು ಏನನ್ನು?

ಮೂರರಲ್ಲೂ ಕಣ್ಣಿಗೆ ಕಾಣುವುದು ಅದೇ ವೃತ್ತ. ನೆನಪು ಮಾತ್ರ ಬೇರೆ ಬೇರೆ. ಕಲಿಯಬೇಕಾದ ವಿದ್ಯೆಯೆಲ್ಲ ಈ ವ್ಯತ್ಯಾಸದಲ್ಲಿಯೇ ಅಡಗಿದೆ ಎಂದರೆ ತಪ್ಪಾಗಲಾರದು.

ಮೆಂತಿ ಹೊಲಿಗೆಯ ಲೆಕ್ಕ

ಧಾರವಾಡದ ಕಡೆಯ ಕಸೂತಿಯನ್ನು ನೋಡಿದವರಿಗೆ ರಾಸ್ಟರ್ ಚಿತ್ರ ಎಂದರೇನೆಂದು ವಿವರಿಸುವ ಅಗತ್ಯವಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಹಾಕಿದ ಮೆಂತಿ ಹೊಲಿಗೆ ದೂರದಿಂದ ಗೋಪುರವಾಗಿ ಕಾಣುತ್ತದೆ, ಹತ್ತಿರ ಹೋದರೆ ಬರೀ ಕತ್ತರಿ ಗುರುತುಗಳ ಸಾಲು. ರಾಸ್ಟರ್ ತಂತ್ರಾಂಶವೂ ಹೀಗೆಯೇ. ಅದಕ್ಕೆ ವೃತ್ತ ಎಂಬುದು ಗೊತ್ತೇ ಇಲ್ಲ. ಪರದೆಯನ್ನು ಚೌಕಳಿ ಚೌಕಳಿಯಾಗಿ ವಿಂಗಡಿಸಿ, ಈ ಚೌಕ ಕಪ್ಪು, ಅದರ ಪಕ್ಕದ್ದು ಬಿಳಿ, ಮತ್ತೊಂದು ಬೂದು ಎಂದು ಒಂದೊಂದರ ಬಣ್ಣವನ್ನೂ ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು.

ಪಟ್ಟಿ ಎಷ್ಟು ಉದ್ದವಾದೀತು? ಎ4 ಅಳತೆಯ ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಉತ್ತಮ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕಿ ಬೇಕೆಂದು ಹಿಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508 ಪಿಕ್ಸೆಲ್. ಗುಣಿಸಿದರೆ ಸುಮಾರು 87 ಲಕ್ಷ. ಪ್ರತಿಯೊಂದಕ್ಕೂ ಕೆಂಪು, ಹಸಿರು, ನೀಲಿಗೆ ತಲಾ ಒಂದೊಂದು ಬೈಟ್ ಎಂದರೆ ಒಟ್ಟು 2 ಕೋಟಿ 60 ಲಕ್ಷಕ್ಕೂ ಹೆಚ್ಚು ಬೈಟ್‌ಗಳು. ಹಾಳೆಯ ತುಂಬ ನೂರು ಹೂವಿರಲಿ, ನಡುವೆ ಒಂದೇ ಒಂದು ಗೆರೆಯಿರಲಿ, ಮೂಲ ಲೆಕ್ಕ ಅಷ್ಟೇ!

ಛಾಯಾಚಿತ್ರಗಳಿಗೆ ಈ ವಿಧಾನ ಬಿಟ್ಟರೆ ಬೇರೆ ದಾರಿಯಿಲ್ಲ. ಅಜ್ಜಿಯ ಮುಖದ ಸುಕ್ಕನ್ನು ಯಾವ ಸಮೀಕರಣದಲ್ಲಿ ಬರೆಯುವುದು? ಅಮೆರಿಕದ ಥಾಮಸ್ ನೋಲ್ ಮತ್ತು ಜಾನ್ ನೋಲ್ ಸಹೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬಿಬ್ಬರು ಬರೆದ ಗಿಂಪ್ 1996ರಲ್ಲಿ ಹೊರಬಂತು. ಎರಡನೆಯದಕ್ಕೆ ಬಿಡಿಗಾಸೂ ಕೊಡಬೇಕಿಲ್ಲ.

ಆದರೆ ರಾಸ್ಟರ್ ಚಿತ್ರಕ್ಕೆ ಅಳತೆಯ ಅರಿವಿಲ್ಲ. ಒಂದು ಅಂಗುಲದ ಚಿತ್ರವನ್ನು ಹತ್ತು ಅಂಗುಲಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ 300 ಇದ್ದ ಚುಕ್ಕಿ 30ಕ್ಕೆ ಇಳಿದು, ವೃತ್ತದ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಶಾಲೆಯ ಲಾಂಛನವನ್ನು ಮೊಬೈಲಿನಲ್ಲಿ ಬಂದ ಪುಟ್ಟ ಚಿತ್ರದಿಂದಲೇ ಎತ್ತಿ ದೊಡ್ಡ ಫ್ಲೆಕ್ಸಿಗೆ ಹಾಕಿಸಿದಾಗ ಅಕ್ಷರಗಳು ಜೇಡರ ಬಲೆಯಂತಾಗುವುದು ಈ ಕಾರಣಕ್ಕೆ. ಜೆಪೆಗ್ ರೂಪದಲ್ಲಿ ಮತ್ತೆ ಮತ್ತೆ ತಿದ್ದಿ ಉಳಿಸುತ್ತ ಹೋದರೆ ಪ್ರತಿಸಲವೂ ಒಂದಿಷ್ಟು ವಿವರ ಸೋರಿ ಹೋಗುತ್ತದೆ ಎಂಬುದೂ ನೆನಪಿರಲಿ. ಮನೆಯ ನಕ್ಷೆಯನ್ನೋ ಯಂತ್ರದ ಭಾಗವನ್ನೋ ಫೋಟೋಶಾಪಿನಲ್ಲಿ ಬರೆಯುವುದು ಕೊಡಲಿಯಿಂದ ಪೆನ್ಸಿಲ್ ಚೂಪು ಮಾಡಿದಂತೆ.

ಎರಡು ಕಾರು ಕಂಪನಿ, ಒಂದೇ ವಕ್ರರೇಖೆ

ವೆಕ್ಟರ್ ತಂತ್ರಾಂಶಕ್ಕೆ ವೃತ್ತ ಎಂದರೆ ಕೇಂದ್ರ ಎಲ್ಲಿ, ತ್ರಿಜ್ಯ ಎಷ್ಟು ಎಂಬ ಎರಡೇ ಮಾಹಿತಿ. ಗೆರೆ ಎಂದರೆ ಎರಡು ತುದಿಗಳ ನಿರ್ದೇಶಾಂಕ. ಹತ್ತನೆಯ ತರಗತಿಯ ನಿರ್ದೇಶಾಂಕ ರೇಖಾಗಣಿತ ಪರೀಕ್ಷೆಗಷ್ಟೇ ಎಂದು ಮೂಗು ಮುರಿಯುವ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಎಷ್ಟೇ ಹಿಗ್ಗಿಸಲಿ, ಕಂಪ್ಯೂಟರ್ ಆ ಲೆಕ್ಕವನ್ನು ಹೊಸದಾಗಿ ಮಾಡಿ ಹೊಸದಾಗಿ ಗೆರೆ ಎಳೆಯುತ್ತದೆ. ಅಂಚು ಎಂದೂ ಒಡೆಯುವುದಿಲ್ಲ.

ವೃತ್ತವೂ ಸರಳರೇಖೆಯೂ ಸರಿ. ಆದರೆ ಕಾರಿನ ಬಾನೆಟ್ಟಿನ ಬಾಗು? ಕನ್ನಡದ 'ಇ' ಅಕ್ಷರದ ಸುರುಳಿ? ಇದಕ್ಕೆ ಉತ್ತರ ಸಿಕ್ಕಿದ್ದು ಫ್ರಾನ್ಸಿನ ಎರಡು ಕಾರು ಕಂಪನಿಗಳಲ್ಲಿ. ಸಿಟ್ರೋಯೆನ್ ಕಂಪನಿಯ ಗಣಿತಜ್ಞ ಪೌಲ್ ದ ಕಾಸ್ಟೆಲ್ಜೋ 1959ರಲ್ಲಿಯೇ ಬಾಗು ಗೆರೆಗಳನ್ನು ಕೆಲವೇ ಬಿಂದುಗಳಿಂದ ಬರೆಯುವ ವಿಧಾನ ಕಂಡುಕೊಂಡರು. ಕಂಪನಿ ಅದನ್ನು ವ್ಯಾಪಾರದ ಗುಟ್ಟೆಂದು ಬಚ್ಚಿಟ್ಟಿತು. ರೆನೋ ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ 1960ರ ದಶಕದಲ್ಲಿ ಸ್ವತಂತ್ರವಾಗಿ ಅದೇ ಬಗೆಯ ರೇಖೆಗಳನ್ನು ಬಳಕೆಗೆ ತಂದು, ಅದನ್ನು ಪ್ರಕಟಿಸಿಯೂ ಬಿಟ್ಟರು. ಹೀಗಾಗಿ ಆ ರೇಖೆಗೆ ಇಂದಿಗೂ ಬೆಜಿಯೆ ರೇಖೆ ಎಂದೇ ಹೆಸರು. ಗುಟ್ಟಾಗಿ ಇಟ್ಟವರಿಗೆ ಹೆಸರು ದಕ್ಕಲಿಲ್ಲ!

ಈ ರೇಖೆಯನ್ನು ಬರೆಯಲು ಕಂಪ್ಯೂಟರ್ ಬೇಕೇ ಬೇಕೆಂದಿಲ್ಲ. ಗ್ರಾಫ್ ಹಾಳೆ, ಪೆನ್ಸಿಲ್ ಸಾಕು. (0, 0), (0, 8), (8, 8), (8, 0) ಎಂಬ ನಾಲ್ಕು ಬಿಂದುಗಳನ್ನು ಗುರುತಿಸಿ, ಸಾಲಾಗಿ ಸೇರಿಸಿ. ಮೂರು ಗೆರೆಗಳಾದವು. ಪ್ರತಿ ಗೆರೆಯ ಮಧ್ಯಬಿಂದು ಹಿಡಿದರೆ (0, 4), (4, 8), (8, 4). ಇವನ್ನು ಸೇರಿಸಿ ಮತ್ತೆ ಮಧ್ಯಬಿಂದು ಹಿಡಿದರೆ (2, 6) ಮತ್ತು (6, 6). ಅವೆರಡರ ಮಧ್ಯೆ (4, 6). ನಮ್ಮ ಬಾಗು ಗೆರೆ ಹಾದು ಹೋಗುವುದು ಈ ಬಿಂದುವಿನ ಮೂಲಕ. ಅರ್ಧದ ಬದಲು ಪ್ರತಿಸಲವೂ ಕಾಲು ಭಾಗದ ದೂರ ಹಿಡಿದರೆ (1.25, 4.5) ಸಿಗುತ್ತದೆ, ಮುಕ್ಕಾಲು ಹಿಡಿದರೆ (6.75, 4.5). ಹೀಗೆ ಹತ್ತಾರು ಬಿಂದು ಹಿಡಿದು ಸೇರಿಸಿದರೆ ಮಂಟಪದ ಕಮಾನಿನಂಥ ನುಣುಪಾದ ರೇಖೆ ಮೂಡುತ್ತದೆ. ರೇಖೆ ಮುಟ್ಟುವುದು ಮೊದಲ ಮತ್ತು ಕೊನೆಯ ಬಿಂದುಗಳನ್ನು ಮಾತ್ರ, ನಡುವಿನ ಎರಡು ದೂರದಲ್ಲಿ ನಿಂತು ಅದನ್ನು ತಮ್ಮತ್ತ ಸೆಳೆಯುತ್ತವೆ. ವೆಕ್ಟರ್ ತಂತ್ರಾಂಶಗಳಲ್ಲಿ ಗೆರೆಯ ತುದಿಯಿಂದ ಮೀಸೆಯಂತೆ ಚಾಚಿಕೊಂಡ ಹಿಡಿಕೆಗಳು ಕಾಣುತ್ತವಲ್ಲ, ಅವು ಬೇರೇನೂ ಅಲ್ಲ, ಈ ನಡುವಿನ ಬಿಂದುಗಳೇ. ಒಂದು ಸಂಜೆ ಇದನ್ನು ಕೈಯಿಂದ ಬರೆದ ವಿದ್ಯಾರ್ಥಿಗೆ ಆ ಹಿಡಿಕೆಗಳು ಮತ್ತೆಂದೂ ಒಗಟಾಗುವುದಿಲ್ಲ. ಕಂಪ್ಯೂಟರಿನ ಅಕ್ಷರ ಫಾಂಟ್‌ಗಳ ಒಳಗಿರುವುದೂ ಇಂಥ ರೇಖೆಗಳೇ.

ಊರೂರಿನ ಡಿಟಿಪಿ ಅಂಗಡಿಗಳಲ್ಲಿ ಮನೆಮಾತಾದ ಕೋರೆಲ್‌ಡ್ರಾ 1989ರದು. ಉಚಿತವಾದ ಇಂಕ್‌ಸ್ಕೇಪ್ 2003ರಲ್ಲಿ ಬಂತು. ಇವು ಚಿತ್ರಕಾರರ ವೆಕ್ಟರ್ ತಂತ್ರಾಂಶಗಳು. 1982ರಲ್ಲಿ ಬಂದ ಆಟೋಕ್ಯಾಡ್ ಮತ್ತು ಉಚಿತವಾದ ಲಿಬ್ರೆಕ್ಯಾಡ್ ಎಂಜಿನಿಯರರ ವೆಕ್ಟರ್ ತಂತ್ರಾಂಶಗಳು. ವ್ಯತ್ಯಾಸ ಇರುವುದು ಶಿಸ್ತಿನಲ್ಲಿ. ಮೊದಲನೆಯವುಗಳಲ್ಲಿ ಚಿತ್ರ ಚೆಂದ ಕಂಡರೆ ಕೆಲಸ ಮುಗಿಯಿತು. ಎರಡನೆಯವುಗಳಲ್ಲಿ ಅಳತೆ ಸರಿಯಿರಬೇಕು, ಅದೂ ನಿಜವಾದ ಅಳತೆಯಲ್ಲಿಯೇ ಬರೆಯಬೇಕು. ಕಾಗದದ ಮೇಲಾದರೆ ಮನೆಯನ್ನು ನೂರು ಪಟ್ಟು ಕುಗ್ಗಿಸಿ ಬರೆಯುತ್ತಾರೆ. ಕ್ಯಾಡ್‌ನಲ್ಲಿ 30 ಅಡಿ ಗೋಡೆಯನ್ನು 30 ಅಡಿ ಎಂದೇ ಬರೆದು, ಕುಗ್ಗಿಸುವುದನ್ನು ಮುದ್ರಿಸುವ ಹೊತ್ತಿಗೆ ಬಿಡುವುದು ರೂಢಿ. ಆಗ ಲೆಕ್ಕವನ್ನೂ ಅದರಿಂದಲೇ ಪಡೆಯಬಹುದು. ಹೊರ ಅಳತೆ 30 ಅಡಿ, 20 ಅಡಿ ಇರುವ ಕಟ್ಟಡಕ್ಕೆ ಸುತ್ತ 9 ಅಂಗುಲದ ಗೋಡೆ ಎಳೆದು ಒಳಗಿನ ವಿಸ್ತೀರ್ಣ ಕೇಳಿದರೆ 527.25 ಚದರ ಅಡಿ ಎಂದು ಉತ್ತರ ಬರುತ್ತದೆ. 600 ಚದರ ಅಡಿಯಲ್ಲಿ ಬರೋಬ್ಬರಿ 72.75 ಚದರ ಅಡಿ ಹೊರಗೋಡೆಗಳ ಪಾಲು! ಮನೆ ಕಟ್ಟಿಸುವವರು ಮೊದಲೇ ತಿಳಿದಿರಬೇಕಾದ ಸಂಗತಿಯಿದು.

ಆದರೆ ಇಲ್ಲೊಂದು ಮೋಸವಿದೆ. ನಾಲ್ಕು ಗೆರೆ ಎಳೆದು ಚೌಕ ಮಾಡಿದ ವಿದ್ಯಾರ್ಥಿ, ಕಣ್ಣಳತೆಯಲ್ಲಿ ಮೂಲೆಗಳನ್ನು ಕೂಡಿಸಿರುತ್ತಾನೆ. ಪರದೆಯಲ್ಲಿ ನೋಡಿದರೆ ಚೌಕ ಮುಚ್ಚಿಯೇ ಇದೆ. ನೂರು ಪಟ್ಟು ಹಿಗ್ಗಿಸಿ ನೋಡಿದರೆ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು. ಕಂಪ್ಯೂಟರಿನ ಪಾಲಿಗೆ ಅದು ಚೌಕವೇ ಅಲ್ಲ, ಹತ್ತಿರ ಹತ್ತಿರ ಬಿದ್ದಿರುವ ನಾಲ್ಕು ಕಡ್ಡಿಗಳು. ವಿಸ್ತೀರ್ಣ ಕೇಳಿದರೆ ಕೊಡುವುದಿಲ್ಲ, ಲೇಸರ್ ಕತ್ತರಿಗೆ ಕೊಟ್ಟರೆ ತಗಡು ಪೂರ್ತಿ ಕತ್ತರಿಸಿ ಬೀಳುವುದಿಲ್ಲ. ಇದನ್ನು ತಪ್ಪಿಸಲೆಂದೇ ಸ್ನ್ಯಾಪ್ ಎಂಬ ಸೌಲಭ್ಯವಿದೆ. ಮನೆಯಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವ ತಾಯಂದಿರು ಇದನ್ನು ಹಿಂದಿನಿಂದಲೂ ಬಲ್ಲರು. ಚುಕ್ಕಿಗಳನ್ನು ಮೊದಲು ಲೆಕ್ಕದಂತೆ ಇಟ್ಟು, ಎಳೆಯನ್ನು ಚುಕ್ಕಿಯಿಂದ ಚುಕ್ಕಿಗೇ ಒಯ್ಯುತ್ತಾರೆಯೇ ಹೊರತು ಎಲ್ಲೆಂದರಲ್ಲಿ ನಿಲ್ಲಿಸುವುದಿಲ್ಲ.

ಮೊದಲ ಗೆರೆಗೇ ಇದ್ದ ಬುದ್ಧಿ

ಕುತೂಹಲದ ಸಂಗತಿಯೆಂದರೆ, ಪರದೆಯ ಮೇಲೆ ನಕ್ಷೆ ಬರೆಯುವ ವಿದ್ಯೆ ಹುಟ್ಟಿದಾಗಲೇ ಈ ಎಚ್ಚರ ಅದರಲ್ಲಿತ್ತು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇವಾನ್ ಸದರ್ಲ್ಯಾಂಡ್ ಎಂಬ ಸಂಶೋಧನಾ ವಿದ್ಯಾರ್ಥಿ ತಮ್ಮ ಪಿಎಚ್.ಡಿ. ಪದವಿಗಾಗಿ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶ ಸಿದ್ಧಪಡಿಸಿದರು. ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಎಂಬ ದೈತ್ಯ ಯಂತ್ರದ ಪರದೆಯ ಮೇಲೆ ಬೆಳಕಿನ ಪೆನ್ನು ಹಿಡಿದು ಗೆರೆ ಎಳೆಯಬಹುದಾಗಿತ್ತು. ಜಗತ್ತು ಇನ್ನೂ ರಂಧ್ರ ಕೊರೆದ ಕಾರ್ಡುಗಳ ಮೂಲಕ ಕಂಪ್ಯೂಟರಿನೊಡನೆ ವ್ಯವಹರಿಸುತ್ತಿದ್ದ ಕಾಲವದು.

ಸೊಟ್ಟಪಟ್ಟ ನಾಲ್ಕು ಗೆರೆ ಎಳೆದು, ಇವು ಒಂದಕ್ಕೊಂದು ಲಂಬವಾಗಿರಲಿ ಎಂದು ಆಜ್ಞಾಪಿಸಿದರೆ ಸ್ಕೆಚ್‌ಪ್ಯಾಡ್ ತಾನೇ ಅವನ್ನು ನೆಟ್ಟಗೆ ಮಾಡುತ್ತಿತ್ತು. ಒಂದು ಮೂಲ ಚಿತ್ರ ಬರೆದು ಅದರ ಹತ್ತು ಪ್ರತಿಗಳನ್ನು ಅಲ್ಲಲ್ಲಿ ಇಟ್ಟು, ಆಮೇಲೆ ಮೂಲವನ್ನು ತಿದ್ದಿದರೆ ಹತ್ತೂ ತಾವಾಗಿ ಬದಲಾಗುತ್ತಿದ್ದವು. ಅಂದರೆ ಯಂತ್ರ ನೆನಪಿಟ್ಟುಕೊಂಡದ್ದು ಗೆರೆಗಳನ್ನಷ್ಟೇ ಅಲ್ಲ, ಗೆರೆಗಳ ನಡುವಣ ಸಂಬಂಧವನ್ನು. ಸದರ್ಲ್ಯಾಂಡ್ ಅವರಿಗೆ 1988ರಲ್ಲಿ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಇಂದಿನ ದುಬಾರಿ ಕ್ಯಾಡ್ ತಂತ್ರಾಂಶಗಳ ಜೀವಾಳವೂ ಈ ಸಂಬಂಧಗಳೇ.

ತಳವಿಲ್ಲದ ಚಹಾ ಹೂಜಿ

ಮೂರನೆಯದು ಮಾಡೆಲಿಂಗ್. ಇಲ್ಲಿ ಬರೆಯುವುದು ಚಿತ್ರವನ್ನಲ್ಲ, ವಸ್ತುವನ್ನೇ. ಅದರಲ್ಲೂ ಎರಡು ಬಗೆಯಿದೆ. ಈ ಭೇದ ತಿಳಿಯಲು ಒಂದು ಚಹಾ ಹೂಜಿಯ ಕಥೆ ಕೇಳಬೇಕು.

1975ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ನ್ಯೂವೆಲ್ ಎಂಬ ಸಂಶೋಧಕರಿಗೆ ತಮ್ಮ ತಂತ್ರಾಂಶವನ್ನು ಪರೀಕ್ಷಿಸಲು ಒಂದು ವಸ್ತು ಬೇಕಾಗಿತ್ತು. ತೀರ ಸರಳವೂ ಆಗಿರಬಾರದು, ತೀರ ಜಟಿಲವೂ ಆಗಿರಬಾರದು. ಮನೆಯ ಚಹಾ ಸೆಟ್ಟನ್ನೇ ಬರೆಯಬಾರದೇಕೆ ಎಂದು ಸೂಚಿಸಿದವರು ಅವರ ಪತ್ನಿ ಸಾಂಡ್ರಾ. ನ್ಯೂವೆಲ್ ಗ್ರಾಫ್ ಕಾಗದ ತೆಗೆದುಕೊಂಡು, ಎದುರಿಗಿದ್ದ ಹೂಜಿಯನ್ನು ಪೆನ್ಸಿಲಿನಲ್ಲಿ ಬರೆದರು. ಆಮೇಲೆ ಬೆಜಿಯೆ ಬಿಂದುಗಳನ್ನು ಕಂಪ್ಯೂಟರಿಗೆ ತುಂಬಿದರು. ಆ ಬಿಂದುಗಳ ಪಟ್ಟಿಯನ್ನು ಇತರರಿಗೂ ಹಂಚಿದ್ದರಿಂದ ಯೂಟಾ ಹೂಜಿ ಜಗತ್ಪ್ರಸಿದ್ಧವಾಯಿತು. ಅದರ ಚಿತ್ರ ಬಿಡಿಸದ ಗ್ರಾಫಿಕ್ಸ್ ವಿದ್ಯಾರ್ಥಿ ಅಪರೂಪ. ಅಸಲಿ ಹೂಜಿ ಇಂದು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟೆಲ್ಲ ಕೀರ್ತಿ ಪಡೆದ ಆ ಕಂಪ್ಯೂಟರ್ ಹೂಜಿಗೆ ತಳವೇ ಇರಲಿಲ್ಲ! ಮೇಜಿನ ಮೇಲೆ ಕುಳಿತ ಹೂಜಿಯ ತಳ ಯಾರಿಗೆ ಕಾಣುತ್ತದೆ? ಕಾಣದ್ದನ್ನು ಬರೆಯುವ ಅಗತ್ಯ ಚಿತ್ರಕ್ಕಿರಲಿಲ್ಲ. ಅಷ್ಟೇ ಅಲ್ಲ, ಅದರ ಮೈಗೆ ದಪ್ಪವೂ ಇರಲಿಲ್ಲ. ಅದು ಬರೀ ಮೇಲ್ಮೈ. ಚಿತ್ರವಾಗಿ ನೋಡಲು ಪರಿಪೂರ್ಣ, ಪಾತ್ರೆಯಾಗಿ ಒಂದು ತೊಟ್ಟು ಚಹಾ ಹಿಡಿಯಲಾರದು.

ಬ್ಲೆಂಡರಿನಂಥ ತಂತ್ರಾಂಶಗಳು ಮುಖ್ಯವಾಗಿ ಮೇಲ್ಮೈಯನ್ನು ಬಲೆಯಂತೆ ಹೆಣೆಯುವಂಥವು. ಸಿನಿಮಾ, ಆಟ, ಜಾಹೀರಾತುಗಳಿಗೆ ಅದು ಸಾಕು. ಮಾನವನ ಮುಖ, ಮರದ ತೊಗಟೆ, ಆನೆಯ ಸೊಂಡಿಲು ಇಂಥವನ್ನು ಇದರಷ್ಟು ಸಲೀಸಾಗಿ ಬೇರೆಡೆ ಮಾಡಲಾಗದು. ಬ್ಲೆಂಡರ್ ಇಂದು ಉಚಿತವಾಗಿರುವುದರ ಹಿಂದೆ ಜನರ ಕೊಡುಗೆಯಿದೆ. ಅದರ ಒಡೆತನ ಹೊಂದಿದ್ದ ಕಂಪನಿ ಮುಚ್ಚಿದಾಗ, 2002ರಲ್ಲಿ ಬಳಕೆದಾರರೇ ಕೆಲವೇ ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ, ಅದನ್ನು ಬಿಡಿಸಿಕೊಂಡು ಲೋಕಕ್ಕೆ ಮುಕ್ತಗೊಳಿಸಿದರು.

ಯಂತ್ರದ ಬಿಡಿಭಾಗ ಮಾಡುವವರಿಗೆ ಬೇಕಾದುದು ಎರಡನೆಯ ಬಗೆ, ಅಂದರೆ ಗಟ್ಟಿ ವಸ್ತುವಿನ ಮಾಡೆಲಿಂಗ್. ಸಾಲಿಡ್‌ವರ್ಕ್ಸ್, ಸಾಲಿಡ್ ಎಡ್ಜ್, ಕಟಿಯಾ, ಉಚಿತವಾದ ಫ್ರೀಕ್ಯಾಡ್ ಈ ಪಂಗಡದವು. ಇವಕ್ಕೆ ಒಳಗು ಯಾವುದು, ಹೊರಗು ಯಾವುದು ಎಂಬುದು ಗೊತ್ತು. ಆದ್ದರಿಂದ ಘನಫಲ ಹೇಳಬಲ್ಲವು, ಲೋಹದ ಸಾಂದ್ರತೆ ಕೊಟ್ಟರೆ ತೂಕವನ್ನೂ ಹೇಳಬಲ್ಲವು. ಇಲ್ಲಿನ ಮುಖ್ಯ ಕ್ರಿಯೆಗಳು ನಮ್ಮ ಅಡುಗೆಮನೆಗೂ ಕೇರಿಗೂ ಹೊಸವಲ್ಲ. ಚಕ್ಕುಲಿ ಒರಳಿನ ನಕ್ಷತ್ರಾಕಾರದ ತೂತಿನಿಂದ ಹಿಟ್ಟು ಅದೇ ಆಕಾರದಲ್ಲಿ ಉದ್ದಕ್ಕೆ ಬರುತ್ತದಲ್ಲ, ಅದು ಎಕ್ಸ್‌ಟ್ರೂಡ್. ಕುಂಬಾರ ತಿಗರಿಯ ಮೇಲೆ ತಿರುಗುವ ಮಣ್ಣಿಗೆ ಒಂದು ಬದಿಯಿಂದ ಬೆರಳು ಒತ್ತಿದರೆ ಮಡಕೆ ಸುತ್ತಲೂ ಅದೇ ಆಕಾರ ತಳೆಯುತ್ತದೆ, ಅದು ರಿವಾಲ್ವ್. ಒಂದು ಘನದಿಂದ ಇನ್ನೊಂದನ್ನು ಕಳೆದು ತೂತು ಮಾಡುವುದು, ಎರಡನ್ನು ಬೆಸೆಯುವುದು, ಇವೆಲ್ಲ ಗಣಿತ ಪುಸ್ತಕದ ಗಣಗಳ ವ್ಯತ್ಯಾಸ ಮತ್ತು ಸಂಯೋಗ. ತೂತಿನ ವ್ಯಾಸ 10 ಮಿ.ಮೀ. ಎಂದು ಕೊಟ್ಟದ್ದನ್ನು ನಾಳೆ 12 ಎಂದು ತಿದ್ದಿದರೆ ವಸ್ತುವೂ ಅದರ ನಕ್ಷೆಗಳೂ ತಾವಾಗಿ ಬದಲಾಗುತ್ತವೆ. ಸದರ್ಲ್ಯಾಂಡರ ಬೆಳಕಿನ ಪೆನ್ನಿನ ಮೊಮ್ಮಕ್ಕಳಿವು.

ತಂತಿ ಸಾಲದೆ ನಿಂತ ವಿಮಾನ

ಈ ವಿದ್ಯೆಯ ಶಕ್ತಿಯನ್ನು ಜಗತ್ತಿಗೆ ತೋರಿದ್ದು ಬೋಯಿಂಗ್ 777 ವಿಮಾನ. ಸುಮಾರು 30 ಲಕ್ಷ ಬಿಡಿಭಾಗಗಳ ಈ ವಿಮಾನವನ್ನು ಕಟಿಯಾ ತಂತ್ರಾಂಶದಲ್ಲಿ ಪೂರ್ಣವಾಗಿ ವಿನ್ಯಾಸ ಮಾಡಿ, ಭಾಗಗಳು ಒಂದಕ್ಕೊಂದು ತಾಗುತ್ತವೆಯೇ ಎಂದು ಪರದೆಯ ಮೇಲೆಯೇ ಜೋಡಿಸಿ ನೋಡಿದರು. ಹಿಂದಿನಂತೆ ಇಡೀ ವಿಮಾನದ ನಿಜಗಾತ್ರದ ಮಾದರಿ ಕಟ್ಟುವ ಖರ್ಚು ಉಳಿಯಿತು. 1994ರ ಜೂನ್ 12ರಂದು ಅದು ಮೊದಲ ಸಲ ಹಾರಿತು.

ಅದೇ ಕಟಿಯಾ ಯೂರೋಪಿನ ಏರ್‌ಬಸ್ ಕಂಪನಿಗೆ ಪಾಠವನ್ನೂ ಕಲಿಸಿತು. ಎರಡಂತಸ್ತಿನ ಎ380 ವಿಮಾನದೊಳಗೆ 500 ಕಿ.ಮೀ.ಗೂ ಹೆಚ್ಚು ಉದ್ದದ ವಿದ್ಯುತ್ ತಂತಿ. ಜರ್ಮನಿಯ ಹ್ಯಾಂಬರ್ಗ್‌ನವರು ತಂತ್ರಾಂಶದ ನಾಲ್ಕನೆಯ ಆವೃತ್ತಿ ಬಳಸುತ್ತಿದ್ದರು, ಫ್ರಾನ್ಸಿನ ಟುಲೂಸ್‌ನವರು ಐದನೆಯದನ್ನು. ಒಂದರ ಮಾಹಿತಿ ಇನ್ನೊಂದಕ್ಕೆ ಸರಿಯಾಗಿ ಹೊಂದಲಿಲ್ಲ. ಹ್ಯಾಂಬರ್ಗ್‌ನಿಂದ ಬಂದ ತಂತಿಕಟ್ಟುಗಳನ್ನು ಟುಲೂಸ್‌ನಲ್ಲಿ ಜೋಡಿಸಹೊರಟರೆ ಅವು ಗಿಡ್ಡ! ಪರದೆಯ ಮೇಲೆ ಎಲ್ಲವೂ ಸರಿಯಿತ್ತು. 2006ರಲ್ಲಿ ಕೈಸೇರಬೇಕಿದ್ದ ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್‌ಗೆ ದಕ್ಕಿದ್ದು 2007ರ ಅಕ್ಟೋಬರಿನಲ್ಲಿ. ಕಂಪನಿಗಾದ ನಷ್ಟ ನೂರಾರು ಕೋಟಿ ಯೂರೋಗಳಲ್ಲಿ.

ವಿದ್ಯಾರ್ಥಿಯ ಮಟ್ಟದಲ್ಲಿಯೂ ಇದರ ಪುಟ್ಟ ಆವೃತ್ತಿಗಳು ನಡೆಯುತ್ತವೆ. ಮೂರು ಆಯಾಮದ ಮುದ್ರಣಕ್ಕೆ ಬಳಸುವ ಎಸ್‌ಟಿಎಲ್ ಕಡತದಲ್ಲಿ ತ್ರಿಕೋನಗಳಷ್ಟೇ ಇರುತ್ತವೆ, ಅಳತೆ ಮಿಲಿಮೀಟರೋ ಅಂಗುಲವೋ ಎಂಬುದೇ ಇರುವುದಿಲ್ಲ. ಒಂದನ್ನು ಇನ್ನೊಂದೆಂದು ಓದಿದರೆ ವಸ್ತು 25.4 ಪಟ್ಟು ಕುಗ್ಗುತ್ತದೆ ಅಥವಾ ಹಿಗ್ಗುತ್ತದೆ. ಇನ್ನೊಂದು, ಪ್ರಕ್ಷೇಪದ ತಕರಾರು. ನಮ್ಮ ದೇಶದ ಮಾನಕದಂತೆ ಯಂತ್ರನಕ್ಷೆಗಳನ್ನು ಪ್ರಥಮ ಕೋನ ಪ್ರಕ್ಷೇಪದಲ್ಲಿ ಬರೆಯುತ್ತಾರೆ, ಅಮೆರಿಕದಲ್ಲಿ ತೃತೀಯ ಕೋನದಲ್ಲಿ. ಒಂದನ್ನು ಇನ್ನೊಂದೆಂದು ಓದಿದವರ ಕೈಯಲ್ಲಿ ಎಡಗಡೆ ಇರಬೇಕಾದ ತೂತು ಬಲಗಡೆ ಬೀಳುತ್ತದೆ. ತಂತ್ರಾಂಶ ಎರಡನ್ನೂ ತಕರಾರಿಲ್ಲದೆ ಬರೆದುಕೊಡುತ್ತದೆ, ಯಾವುದು ಬೇಕೆಂದು ತಿಳಿದಿರಬೇಕಾದವರು ಬರೆಯುವವರು.

ಫೀಸು ಕಟ್ಟುವ ಮುನ್ನ

ಹಾಗಾದರೆ ಪೋಷಕರು ಏನು ವಿಚಾರಿಸಬೇಕು? ಎಷ್ಟು ತಂತ್ರಾಂಶ ಕಲಿಸುತ್ತೀರಿ ಎಂದಲ್ಲ. ಮೊದಲ ವಾರ ಪೆನ್ಸಿಲ್ ಹಿಡಿಸುತ್ತೀರಾ, ಒಂದು ವಸ್ತುವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿಸಿ ಅದರ ಮೂರು ನೋಟಗಳನ್ನು ಕೈಯಿಂದ ಬರೆಸುತ್ತೀರಾ ಎಂದು ಕೇಳಬೇಕು. ಹಿಂದಿನ ತಂಡದ ವಿದ್ಯಾರ್ಥಿಗಳು ಬರೆದ ನಕ್ಷೆಗಳನ್ನು ತೋರಿಸಿ ಎನ್ನಬೇಕು. ಬಣ್ಣ ಬಳಿದ ಥಳಕಿನ ಚಿತ್ರಗಳನ್ನಷ್ಟೇ ತೋರಿಸಿ, ಅಳತೆ ನಮೂದಿಸಿದ ಒಂದು ನಕ್ಷೆಯನ್ನೂ ತೋರಿಸದ ಸಂಸ್ಥೆಯಿಂದ ದೂರವಿರುವುದು ಒಳ್ಳೆಯದು.

ಹತ್ತು ತಂತ್ರಾಂಶ ಮೂರು ತಿಂಗಳಲ್ಲಿ ಎಂಬುದಂತೂ ಶುದ್ಧ ಮಂಕುಬೂದಿ. ಮಾಡಬೇಕೆಂದಿರುವ ಕೆಲಸಕ್ಕೆ ತಕ್ಕ ಒಂದನ್ನು ಆಳವಾಗಿ ಕಲಿತವರು ಅದೇ ಜಾತಿಯ ಮತ್ತೊಂದನ್ನು ಬೇಗನೆ ಹಿಡಿಯುತ್ತಾರೆ. ಯಂತ್ರ, ಕಟ್ಟಡಗಳತ್ತ ಒಲವಿದ್ದರೆ ಲಿಬ್ರೆಕ್ಯಾಡ್, ಬಳಿಕ ಫ್ರೀಕ್ಯಾಡ್. ಮುದ್ರಣ, ಜಾಹೀರಾತಿನತ್ತ ಮನಸ್ಸಿದ್ದರೆ ಇಂಕ್‌ಸ್ಕೇಪ್, ಜೊತೆಗೆ ಗಿಂಪ್. ಅನಿಮೇಷನ್ ಬೇಕೆಂದವರಿಗೆ ಬ್ಲೆಂಡರ್. ಇವೆಲ್ಲ ಉಚಿತವಾದ್ದರಿಂದ ಹಣ ಕಟ್ಟುವ ಮುನ್ನ ಮಕ್ಕಳ ಆಸಕ್ತಿ ನಿಜವೇ, ಒಂದು ವಾರದ ಹುರುಪೇ ಎಂದು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಮುಕ್ತ ತಂತ್ರಾಂಶಗಳ ಪಾಠಗಳು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಸಿಗುತ್ತವೆ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಾದರೆ ಬರೆದದ್ದನ್ನು ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಿ ಕೈಯಲ್ಲಿ ಹಿಡಿದೂ ನೋಡಬಹುದು.

ಇದನ್ನೇ ಜೀವನೋಪಾಯ ಮಾಡಿಕೊಳ್ಳಬೇಕೆಂಬ ಛಲವಿದ್ದವರಿಗೆ ಜಾಹೀರಾತಿನ ಕರಪತ್ರಗಳಿಗಿಂತ ಗಟ್ಟಿಯಾದ ದಾರಿಗಳಿವೆ. ಐಟಿಐಗಳಲ್ಲಿ ಸಿವಿಲ್ ಮತ್ತು ಮೆಕ್ಯಾನಿಕಲ್ ಡ್ರಾಫ್ಟ್ಸ್‌ಮನ್ ಎಂಬ ಎರಡು ವರ್ಷದ ಕೋರ್ಸುಗಳಿವೆ. ಹೆಸರಿನ ಕೊನೆಯಲ್ಲಿ 'ಮನ್' ಇದ್ದ ಮಾತ್ರಕ್ಕೆ ಹೆಣ್ಣುಮಕ್ಕಳು ಹಿಂಜರಿಯಬೇಕಿಲ್ಲ, ಅವರಿಗೂ ಪ್ರವೇಶವಿದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ ಈಗ ರಾಜ್ಯದ ಹಲವು ಊರುಗಳಲ್ಲಿ ಶಾಖೆಗಳಿವೆ. ಅಲ್ಲಿ ಅಚ್ಚಿನ ವಿನ್ಯಾಸವನ್ನೂ ಅಚ್ಚನ್ನು ಕೈಯಾರೆ ಮಾಡುವುದನ್ನೂ ಒಟ್ಟಿಗೆ ಕಲಿಸುತ್ತಾರೆ. ಎಂಜಿನಿಯರಿಂಗ್ ಸೇರಿದವರಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೊದಲ ವರ್ಷದಲ್ಲಿಯೇ ಕಂಪ್ಯೂಟರ್ ನೆರವಿನ ಎಂಜಿನಿಯರಿಂಗ್ ಡ್ರಾಯಿಂಗ್ ಎಂಬ ವಿಷಯ ಎದುರಾಗುತ್ತದೆ. ಪ್ರಕ್ಷೇಪಗಳನ್ನು ಮನಸ್ಸಿನಲ್ಲಿ ಕಾಣಲಾರದವರು ಇಲ್ಲಿ ತಡವರಿಸುವುದು ಪ್ರತಿವರ್ಷದ ನೋಟ. ರಜೆಯಲ್ಲಿ ಬೆಂಕಿಪೊಟ್ಟಣ, ಸೋಪಿನ ಪೆಟ್ಟಿಗೆ, ಬೀಗಗಳ ಮುನ್ನೋಟ, ಮೇಲುನೋಟ, ಪಕ್ಕನೋಟ ಬರೆದು ಅಭ್ಯಾಸ ಮಾಡಿಕೊಂಡವರಿಗೆ ಆ ಕಷ್ಟವಿಲ್ಲ.

ಈ ರಜೆಗೆ ಒಂದು ಕೆಲಸ ಹಚ್ಚಿಕೊಳ್ಳಬಹುದು. ಮನೆಯಲ್ಲಿರುವ, ನೆಟ್ಟಗಿನ ಮೈಯ ಒಂದು ಸ್ಟೀಲ್ ಲೋಟ ತೆಗೆದುಕೊಳ್ಳಿ. ಅದರ ಹೊರವ್ಯಾಸ 70 ಮಿ.ಮೀ., ಎತ್ತರ 100 ಮಿ.ಮೀ., ತಗಡಿನ ದಪ್ಪ 1 ಮಿ.ಮೀ. ಎಂದಿಟ್ಟುಕೊಳ್ಳೋಣ. ಫ್ರೀಕ್ಯಾಡ್‌ನಲ್ಲಿ ಅರ್ಧ ಸೀಳಿನ ಆಕಾರ ಬರೆದು, ಕುಂಬಾರನ ತಿಗರಿಯಂತೆ ಒಂದು ಸುತ್ತು ತಿರುಗಿಸಿದರೆ ಲೋಟ ಸಿದ್ಧ. ಉಕ್ಕಿನ ಘನಫಲ ಕೇಳಿ, ಸುಮಾರು 25.3 ಘನ ಸೆಂ.ಮೀ. ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಸಾಂದ್ರತೆ ಘನ ಸೆಂ.ಮೀ.ಗೆ 7.9 ಗ್ರಾಂ ಹಿಡಿದರೆ ತೂಕ 200 ಗ್ರಾಂ. ಒಳಗೆ ಹಿಡಿಯುವ ನೀರು ಸುಮಾರು 360 ಮಿಲಿಲೀಟರ್. ನಿಮ್ಮ ಲೋಟದ ಅಳತೆಗಳನ್ನು ಹಾಕಿ ಉತ್ತರ ಪಡೆದ ಮೇಲೆ, ಆ ಲೋಟವನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿ ನೋಡಿ. ನಾಲ್ಕಾರು ಗ್ರಾಂ ವ್ಯತ್ಯಾಸ ಬಂದರೆ ಬಾಯಂಚಿನ ಮೇಲೆ ಬೆರಳಾಡಿಸಬೇಕು. ತುಟಿಗೆ ತಗುಲದಿರಲೆಂದು ತಗಡನ್ನು ಅಲ್ಲಿ ಹೊರಕ್ಕೆ ಮಡಿಸಿರುತ್ತಾರೆ. ಆ ಮಡಿಕೆಯನ್ನೂ ಬರೆದು ಸೇರಿಸಿ, ಕಂಪ್ಯೂಟರಿಗೆ ತೂಕವನ್ನು ಮತ್ತೊಮ್ಮೆ ಕೇಳಬೇಕು.